ಕೆಂದಿಯ ಹಾಲು

ಅನಗೋಳ, ಬೆಳಗಾವಿ
೨೨ ಜೂನ್ ೨೦೨೫, ರವಿವಾರ

ಪ್ರೀತಿಯ ಬಿಲ್ಕೀಸ,

ನಿನಗೂ ಗನಿ ಅಣ್ಣನಿಗೂ ನಮಸ್ಕಾರ, ಜನ್ನತಳ ಎರಡೂ ಗಲ್ಲಕ್ಕೆ ಮುತ್ತು. ಬಕ್ರೀದಿನ ದಿನ ನೀನು ಮೇಲಿಂದ ಮೇಲೆ ಫೋನು ಮಾಡಿದೆ. ನಾನು ಅದನ್ನು ಕೈಯಲ್ಲೇ ಹಿಡಿದುಕೊಂಡು ನಿನ್ನ ಹೆಸರು ಬರುವುದನ್ನೂ ಹೋಗುವುದನ್ನೂ ನೋಡುತ್ತ ಕುಳಿತಿದ್ದೆ. ಹಬ್ಬದ ದಿನ ನಿನ್ನ ಕಿವಿಗೆ ನನ್ನ ಅಳು ಹಾಕುವುದು ಬೇಡ ಅನ್ನಿಸಿತು. ಮುಬಾರಕ್ ಹೇಳುವುದು ಇಷ್ಟು ತಡವಾಯಿತು, ಬೈಯಬೇಕೆನಿಸಿದರೆ ಬೈದುಬಿಡು. ನಮ್ಮವ್ವ ಸಾಕಿದ ಹೋತವನ್ನೇ ಈ ಸಲವೂ ಗನಿ ಅಣ್ಣ ಒಯ್ದರಂತೆ. ಅದಕ್ಕೆ ಅವ್ವ ಅಳುವುದು, ನೀನು ಸಮಾಧಾನ ಮಾಡುವುದು, ಸಂಜೆ ಅವಳೇ ನಿಮ್ಮ ಮನೆಯಲ್ಲಿ ಕುಳಿತು ಸಾರು ಚೆನ್ನಾಗಿದೆ ಅನ್ನುವುದು, ಎಲ್ಲ ಈ ವರ್ಷವೂ ನಡೆದಿರಬೇಕು.

ಈ ಕಾಲದಲ್ಲಿ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ನಿನ್ನ ಫೋನು ನಿನ್ನೊಬ್ಬಳದಲ್ಲ, ಅರ್ಧ ನಮ್ಮವ್ವನದು. ದಿನಾ ಸಂಜೆ ಆಡುಗಳನ್ನು ಹಟ್ಟಿಯಲ್ಲಿ ಕೂಡಿಹಾಕಿ ನಿನ್ನ ಕಟ್ಟೆಗೆ ಬಂದು ಕುಳಿತು, ‘ನಮ್ಮ ಮನಿಷಾಂದು ಏನರೆ ಬಂದೇತೇನ ನೋಡವಾ’ ಎನ್ನುತ್ತಾಳೆ. ಜನ್ನತ ಸ್ಪೀಕರ್ ಹಾಕಿ ಎಲ್ಲ ಕೇಳಿಸುತ್ತಾಳೆ, ಬರೆದು ಕಳಿಸಿದ್ದನ್ನು ಗಟ್ಟಿಯಾಗಿ ಓದುತ್ತಾಳೆ. ಅವ್ವನಿಗೆ ಓದಲು ಬರುವುದಿಲ್ಲ, ಆದರೆ ಕಿವಿ ಚುರುಕು. ಈ ಕಾಗದದಲ್ಲಿ ಇರುವುದು ಅವಳ ಕಿವಿಗೆ ಯಾವತ್ತೂ ಬೀಳಬಾರದು. ಅದಕ್ಕೇ ಮನೆಗೆ ಕಳಿಸದೆ ಗನಿ ಅಣ್ಣನ ಪಾತ್ರೆ ಅಂಗಡಿಯ ವಿಳಾಸಕ್ಕೆ ಹಾಕಿದ್ದೇನೆ. ಓದಿ ಒಲೆಗೆ ಹಾಕು.

ಮೇ ತಿಂಗಳಲ್ಲಿ ನನ್ನ ಕೂಸು ಹೋದ ಸುದ್ದಿ ನಿನಗೆ ಮುಟ್ಟಿದೆ. ಅದಕ್ಕಿಂತ ಹೆಚ್ಚು ಯಾರೂ ಹೇಳಿರಲಿಕ್ಕಿಲ್ಲ. ಇಲ್ಲಿ ನಾನೂ ಯಾರಿಗೂ ಏನೂ ಹೇಳಿಲ್ಲ, ಎಲ್ಲರೂ ನನಗೇ ಹೇಳುತ್ತಿದ್ದಾರೆ.

ಮೊದಲಿನಿಂದ ಬರೆಯುತ್ತೇನೆ. ಶ್ರಾವಣಿ ಹುಟ್ಟಿದ ಮೇಲೆ ನನಗೆ ಥೈರಾಯ್ಡ್ ಕಾಣಿಸಿಕೊಂಡಿತಲ್ಲ. ಕುಳಿತಲ್ಲೇ ತೂಕಡಿಕೆ, ಬಾಚಿದರೆ ಹಣಿಗೆ ತುಂಬ ಕೂದಲು, ಉಪವಾಸ ಮಾಡಿದರೂ ಮೈ ಬರುವುದು. ‘ಅತ್ತಿ ಮನ್ಯಾಗ ಭಾಳ ಚೊಲೊ ಉಣ್ಣಾಕ ಹಾಕ್ತಾರ ಕಾಣಸ್ತೈತಿ’ ಎಂದು ನೀನೇ ಚಾಷ್ಟಿ ಮಾಡಿದ್ದೆ. ಇಲ್ಲಿ ಎಲ್ಲರೂ ಡಾಕ್ಟರ್ ಬಾಯಿ ಅನ್ನುವ ಹಿಂದವಾಡಿಯ ಲೇಡಿ ಡಾಕ್ಟರ್ ನನ್ನ ಗಂಟಲು ಮುಟ್ಟಿ ನೋಡಿ, ರಕ್ತ ತಪಾಸಣೆ ಮಾಡಿಸಿ, ದಿನಕ್ಕೊಂದು ಸಣ್ಣ ಗುಳಿಗೆ ಬರೆದುಕೊಟ್ಟರು. ಎದ್ದ ಕೂಡಲೇ ಬರಿಹೊಟ್ಟೆಯಲ್ಲಿ ನೀರಿನ ಜೊತೆ ನುಂಗಬೇಕು, ಆಮೇಲೆ ತಾಸು ಹೊತ್ತು ಚಹಾ ಕೂಡ ಕುಡಿಯಬಾರದು. ಅದು ಮೈಗೆ ಹೊಂದಿ ಮತ್ತೆ ಬಸಿರು ನಿಲ್ಲಲು ವರ್ಷಗಳೇ ಹಿಡಿದವು. ಶ್ರಾವಣಿ ಸಾಲೆಗೆ ಹೋಗತೊಡಗಿದಳು, ಅವಳ ಹಾಲುಹಲ್ಲು ಬಿದ್ದವು. ಈ ಸಂಕ್ರಾಂತಿಯ ಹೊತ್ತಿಗೆ ನನಗೆ ದಿನ ತಪ್ಪಿತು.

ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರು. ಸುಳ್ಳು ಯಾಕೆ ಹೇಳಲಿ, ಆಗ ಅವರು ನನ್ನನ್ನು ನೀರಿನ ಕೊಡ ಕೂಡ ಎತ್ತಗೊಡುತ್ತಿರಲಿಲ್ಲ. ಅಷ್ಟರಲ್ಲಿ ಬಾಜೂಮನೆಯ ಪ್ರಮಿಳಾ ಬಾಯಿ ಬಂದು ಫೋನಿನಲ್ಲಿ ಏನೋ ತೋರಿಸಿದರು. ಕೋಟು ಹಾಕಿಕೊಂಡ ಒಬ್ಬಾತ, ಥೈರಾಯ್ಡ್ ಇದ್ದ ಹೆಂಗಸರಿಗೆ ಬಸಿರು ನಿಲ್ಲುವುದೇ ಕಷ್ಟ, ನಿಂತರೂ ಹೆಣ್ಣೇ ಆಗುವುದು ಹೆಚ್ಚು ಎಂದು ಹೇಳುತ್ತಿದ್ದ. ಅತ್ತೆ ಶ್ರಾವಣಿಯ ಕಡೆ ನೋಡಿದರು, ಆಮೇಲೆ ನನ್ನ ಕೊರಳಿನ ಕಡೆ ನೋಡಿದರು.

‘ಖರೇನ ಇರಬೇಕ ನೋಡ್ರಿ ಪ್ರಮಿಳಾ. ಮೊದಲಿಂದೂ ಹೆಣ್ಣ ಆತಲ್ಲ. ಕೊಳ್ಳಾಗ ಆ ಬ್ಯಾನಿ ಇರೂತನಕಾ ಗಂಡ ಎಲ್ಲಿಂದ ಬರತೈತಿ.’

ಶ್ರಾವಣಿ ಹುಟ್ಟಿದ ಮೇಲೆ ಬಂದ ಬೇನೆ ಶ್ರಾವಣಿಯನ್ನು ಹೇಗೆ ಹೆಣ್ಣು ಮಾಡಿತು ಎಂದು ನಾನು ಕೇಳಲಿಲ್ಲ. ಗಂಟಲಿನ ಬೇನೆಗೆ ಹೆಣ್ಣು ಹುಟ್ಟುವುದಾದರೆ ಮೂಗಿನ ನೆಗಡಿಗೆ ಅವಳಿಜವಳಿ ಹುಟ್ಟಬೇಕು ಎಂದು ಇವರ ಮುಂದೆ ಮಾತ್ರ ಹೇಳಿದೆ. ಇವರು ಊಟದ ತಾಟಿನ ಮೇಲೇ ನಕ್ಕುಬಿಟ್ಟರು, ಒಳಗಿನಿಂದ ಕೇಳಿಸಿಕೊಂಡ ಅತ್ತೆ ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಆದರೂ ಮನಸ್ಸು ತಡೆಯಲಿಲ್ಲ, ಡಾಕ್ಟರ್ ಬಾಯಿಯನ್ನು ಕೇಳಿಯೇ ಬಿಟ್ಟೆ. ಅವರಿಗೆ ಇದು ಹೊಸ ಪ್ರಶ್ನೆ ಅಲ್ಲ ಅಂತ ಕಾಣುತ್ತದೆ.

‘ಗಂಡೋ ಹೆಣ್ಣೋ ಅನ್ನೂದು ತಂದಿ ಕಡಿಂದ ಬರೂದ್ರಿ, ಅದು ಬಸರ ನಿಲ್ಲೂ ಮುಂದನ ಠರಾವ ಆಗಿರತದ. ಥೈರಾಯ್ಡ್ ಕೂಸಿನ ಜೀವಕ್ಕ ಬೇಕು, ಮಿದುಳಿಗೆ ಬೇಕು. ಗಂಡ ಹೆಣ್ಣ ಮಾಡೂದು ಅದರ ಕೆಲಸಲ್ಲ. ನೀವು ಗುಳಿಗಿ ತಪ್ಪಸಬ್ಯಾಡ್ರಿ, ಅಷ್ಟ ಸಾಕು’ ಎಂದರು.

ಮನೆಗೆ ಬಂದು ಅತ್ತೆಗೆ ಹೇಳಿದೆ. ‘ಆಕಿಗೇನ ಗೊತ್ತಾಗತೈತಿ ನಮ್ಮ ಸಂಕಟ. ಆಕಿಗೆ ಇಬ್ಬರೂ ಗಂಡಮಕ್ಕಳು’ ಎಂದರು. ಅಲ್ಲಿಗೆ ವಿಜ್ಞಾನ ಮುಗಿಯಿತು.

ನನಗೆ ವಾಂತಿ ಜೋರಾಗಿ, ಫೆಬ್ರವರಿಯಲ್ಲಿ ಅವ್ವ ಕರೆದೊಯ್ಯಲು ಬಂದಳಲ್ಲ, ಆಗ ಅತ್ತೆ ಬಾಗಿಲಿನಲ್ಲೇ ನಿಂತು ಅವಳಿಗೆ ಆ ಮಾತು ಮುಟ್ಟಿಸಿದರು. ‘ಸಿದ್ದಕ್ಕಾ, ನಿಮ್ಮ ಮಗಳಿಗೆ ಥೈರಾಯ್ಡ್ ಐತಿ. ಈ ಸಲಾನೂ ಹೆಣ್ಣ ಆತಂದ್ರ ಮುಂದಿಂದು ನನ್ನ ಕೈಯಾಗ ಇಲ್ಲರಿ.’ ಮುಂದಿಂದು ಅಂದರೆ ಏನು ಎಂದು ಅತ್ತೆ ಹೇಳಲಿಲ್ಲ. ಖಾನಾಪುರದವರೆಗೂ ಬಸ್ಸಿನಲ್ಲಿ ನನ್ನ ಕೈ ಅವ್ವನ ಮುಷ್ಟಿಯಲ್ಲಿತ್ತು.

ಈಗ ನೀನು ಸಿಟ್ಟು ಮಾಡಿಕೊಂಡಿದ್ದ ಸಂಗತಿಗೆ ಬರುತ್ತೇನೆ. ನಾನು ಅಲ್ಲಿದ್ದಾಗ ನಸುಕಿನಲ್ಲಿ ನೀನು ಹಾಲಿಗೆ ಬಂದರೆ ನಾನು ಹಿತ್ತಲಿನಲ್ಲಿ ಪೂರ್ವಕ್ಕೆ ಮುಖ ಮಾಡಿ ಕುಳಿತಿರುತ್ತಿದ್ದೆ, ಕರೆದರೂ ಓ ಅನ್ನುತ್ತಿರಲಿಲ್ಲ. ‘ಬೆಳಗಾವಿ ನೀರ ಕುಡದ ಸೊಕ್ಕ ಬಂದೈತಿ ಇಕಿಗೆ’ ಅಂದೆಯಲ್ಲ. ಅದು ಸೊಕ್ಕಲ್ಲ, ಮದ್ದಿನ ನೇಮ. ಯಾರಿಗಾದರೂ ಹೇಳಿದರೆ ಮದ್ದು ಕೆಡುತ್ತದೆ ಎಂದು ಅವ್ವ ನನ್ನಿಂದ ಬೀರಪ್ಪನ ಆಣೆ ಮಾಡಿಸಿದ್ದಳು. ಈಗ ಹೇಳಿದರೆ ಕೆಡುವುದಕ್ಕೆ ಏನು ಉಳಿದಿದೆ.

ನಂದಗಡದ ರಸ್ತೆಯ ಕಡೆ ಬಸಯ್ಯ ಎಂಬ ಮುದುಕರು ಗಂಡು ಸಂತಾನಕ್ಕೆ ಮದ್ದು ಕೊಡುತ್ತಾರೆ. ಹಣ ಮುಟ್ಟುವುದಿಲ್ಲ, ಕಾಯಿ ಒಡೆಸಿ ಕೈಮುಗಿದರೆ ಸಾಕು. ಶಂಖ ಸುಟ್ಟ ಭಸ್ಮ, ಅದರಲ್ಲಿ ಏನೋ ಬೇರು. ಎಲೆಗೆ ಹಚ್ಚುವ ಸುಣ್ಣದ ಹಾಗೆ ನಾಲಿಗೆಗೆ ಹತ್ತುತ್ತಿತ್ತು. ಹೊಟ್ಟೆಯ ಕೂಸಿಗೆ ಅಂಗ ಮೂಡುವ ತಿಂಗಳುಗಳಲ್ಲಿ, ಹೋರಿಗರು ಹಾಕಿದ ಆಕಳ ಹಾಲಿನಲ್ಲಿ ಕಲಸಿ, ಸೂರ್ಯ ಹುಟ್ಟುವ ಮೊದಲು ಬರಿಹೊಟ್ಟೆಯಲ್ಲಿ ಕುಡಿಯಬೇಕು. ಬೆಳಕು ಹರಿಯುವವರೆಗೆ ಮಾತಾಡಕೂಡದು. ನಮ್ಮ ಕೆಂದಿ ಈದದ್ದು ಹೋರಿಗರುವೇ ಆದದ್ದರಿಂದ ದೇವರೇ ದಾರಿ ತೋರಿಸಿದನೆಂದು ಅವ್ವ ನಂಬಿದಳು. ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ, ಬಿಲ್ಕೀಸ. ಆದರೆ ಮೊಣಕಾಲು ನೋವಿನ ಆ ಹೆಂಗಸು ಕತ್ತಲಲ್ಲಿ ಎದ್ದು, ಗೋಡೆ ಹಿಡಿದು ಹಟ್ಟಿಗೆ ಹೋಗಿ, ನೊರೆಹಾಲಿನ ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ನನ್ನ ಮುಂದೆ ಹಿಡಿದರೆ ಒಲ್ಲೆ ಅನ್ನಲು ನನಗೆ ಬಾಯಿ ಹೇಗೆ ಬರಬೇಕು.

ಮೊದಲ ದಿನ ನಾನು ಗುಳಿಗೆ ಕೈಯಲ್ಲಿ ಹಿಡಿದು, ‘ಅವ್ವಾ, ಇದನ್ನೂ ಬರೇ ಹೊಟ್ಟಿಗೇ ತಗೋ ಅಂದಾರ, ಯಾವದ ಮೊದಲ?’ ಎಂದು ಕೇಳಿದ್ದೆ.

‘ಅದೂ ಬರೇ ಹೊಟ್ಟಿಗೆ, ಇದೂ ಬರೇ ಹೊಟ್ಟಿಗೆ. ನಿನಗೇನ ಎರಡ ಹೊಟ್ಟಿ ಅದಾವೇನ ಹುಚ್ಚಿ? ಒಮ್ಮೆಲೆ ನುಂಗು. ಡಾಕ್ಟರಂದೂ ಆಕ್ಕೈತಿ, ದೇವರದೂ ಆಕ್ಕೈತಿ’ ಎಂದಳು. ಇಬ್ಬರೂ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕೆವು. ಆಮೇಲೆ ದಿನಾ ಹಾಗೇ ನುಂಗಿದೆ.

ಯುಗಾದಿ ಮುಗಿಸಿ ಅನಗೋಳಕ್ಕೆ ಬಂದೆ. ನಡುವೆ ಒಮ್ಮೆ ರಕ್ತ ತಪಾಸಣೆ ಆಗಬೇಕಿತ್ತು, ಬಸ್ಸು ಹತ್ತಿದರೆ ವಾಂತಿ ಎಂದು ಬಿಟ್ಟಿದ್ದೆ. ಬಂದ ಮೇಲೆ ಮಾಡಿಸಿದರೆ ಡಾಕ್ಟರ್ ಬಾಯಿಯ ಮುಖ ಬದಲಾಯಿತು. ಥೈರಾಯ್ಡ್ ಮೊದಲು ಕಂಡಾಗಿನದಕ್ಕಿಂತಲೂ ಕೆಟ್ಟಿತ್ತು. ‘ಗುಳಿಗಿ ತಗೋಳಾಕತ್ತೀರಿಲ್ಲೋ?’ ಎಂದರು. ದಿನಾ ತಗೋತೇನ್ರಿ ಎಂದೆ. ‘ಬರೇ ಹೊಟ್ಟಿಲೆ?’ ಹೌದ್ರಿ ಎಂದೆ. ಎರಡೂ ಖರೆಯೇ. ಹಾಲಿನ ಮಾತು ಬಾಯಿಗೆ ಬಂದಿತ್ತು, ಆಣೆ ನೆನಪಾಗಿ ನುಂಗಿಕೊಂಡೆ. ಅವರು ಗುಳಿಗೆಯ ಪವರ್ ಹೆಚ್ಚಿಸಿ, ಲಗೂನ ಮತ್ತೆ ಬನ್ನಿ ಎಂದು ಕಳಿಸಿದರು.

ಮೇ ತಿಂಗಳಿನ ಒಂದು ಮಧ್ಯಾಹ್ನ ರವೆ ಜರಡಿ ಹಿಡಿಯುತ್ತ ಕುಳಿತಿದ್ದೆ. ಸೊಂಟದಲ್ಲಿ ಚಳಕು ಹೊಡೆಯಿತು. ಆ ಮೇಲಿನದನ್ನು ಬರೆಯಲು ನನ್ನ ಕೈ ಏಳುವುದಿಲ್ಲ, ನೀನೂ ಹೆತ್ತವಳು, ತಿಳಿದುಕೋ. ಇವರು ಉದ್ಯಮಬಾಗದ ಕಾರಖಾನೆಯಿಂದ ಎಣ್ಣೆ ಹತ್ತಿದ ಬಟ್ಟೆಯಲ್ಲೇ ಓಡಿ ಬಂದರು. ಐದನೆಯ ತಿಂಗಳಾದ್ದರಿಂದ ಬಿಳಿ ಅರಿವೆಯಲ್ಲಿ ಸುತ್ತಿ ಇವರ ಕೈಗೇ ಕೊಟ್ಟರಂತೆ. ಇವರೇ ಒಯ್ದು ಮಣ್ಣು ಮಾಡಿ ಬಂದರು. ನಾನು ನೋಡಲಿಲ್ಲ. ತೋರಿಸಲೇ ಎಂದು ನರ್ಸ್ ಕೇಳಿದಾಗ ಗೋಡೆಯ ಕಡೆ ಹೊರಳಿ ಮಲಗಿದೆ.

ನಾನು ಮನೆಗೆ ಬಂದ ದಿನ ಅತ್ತೆ ನನಗೆ ನೀರು ಎರೆದರು, ಹಾಸಿಗೆ ಹಾಸಿದರು. ಎಲ್ಲ ಮಾಡಿ, ಇವರನ್ನು ಪಡಸಾಲೆಯಲ್ಲಿ ನಿಲ್ಲಿಸಿ ಕೇಳಿದರು, ‘ಶಿವಲಿಂಗಾ, ಏನಿತ್ತೋ?’

ಇವರು ಕಾಲು ತೊಳೆದುಕೊಳ್ಳುತ್ತಿದ್ದರು. ‘ಕೂಸ ಇತ್ತವಾ’ ಎಂದರು.

‘ಅದಲ್ಲೋ. ಗಂಡಿತ್ತೋ ಹೆಣ್ಣಿತ್ತೋ?’

‘ಹೇಳಿದ್ನೆಲ್ಲ. ಕೂಸ ಇತ್ತು.’

ಇಂದಿನವರೆಗೆ ಅದಕ್ಕಿಂತ ಹೆಚ್ಚು ಅವರ ಬಾಯಿಂದ ಬಂದಿಲ್ಲ. ನಾನೂ ಕೇಳಿಲ್ಲ. ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನ ಗಂಡ ಎಂಥವರು ಎಂದು ಅವತ್ತು ನನಗೆ ತಿಳಿಯಿತು. ಈಗ ದಿನಾ ಮುಂಜಾನೆ ನೀರಿನ ಲೋಟ ಹಿಡಿದು ನನ್ನ ಮುಂದೆ ನಿಲ್ಲುತ್ತಾರೆ. ಗುಳಿಗೆ ಗಂಟಲಿಳಿದ ಮೇಲೇ ಸ್ನಾನಕ್ಕೆ ಹೋಗುತ್ತಾರೆ. ಗುಳಿಗೆಯ ಕಾವಿಗೇ ಗಂಡುಕೂಸು ನಿಲ್ಲಲಿಲ್ಲ, ಅದನ್ನು ಬಿಟ್ಟುಬಿಡಲಿ ಎಂದು ಅತ್ತೆ ಹಟ ಹಿಡಿದಿದ್ದಾರೆ, ಅದಕ್ಕೆ ಈ ಕಾವಲು.

ಕಾರಣ ಹೇಳುವವರಿಗೇನು ಬರವಿಲ್ಲ. ಅತ್ತೆಗೆ ಗುಳಿಗೆ ಕಾರಣ. ಪ್ರಮಿಳಾ ಬಾಯಿಗೆ ನಾನು ರಾಮತೀರ್ಥ ನಗರದ ಮದುವೆಗೆ ಗಾಡಿಯ ಹಿಂದೆ ಕುಳಿತು ಹೋದದ್ದು ಕಾರಣ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಗಿದೆ ನನ್ನ ಸ್ಥಿತಿ. ಎಲ್ಲರ ಮಾತೂ ಕೊನೆಗೆ ಬಂದು ನಿಲ್ಲುವುದು ನನ್ನ ಕೊರಳಿಗೇ.

ಅವ್ವ ನನ್ನನ್ನು ನೋಡಲು ಬಂದಿದ್ದಳಲ್ಲ, ಬಂದವಳ ಕೈಗೆ ನೀರು ಕೊಡುವ ಮೊದಲೇ ಅತ್ತೆ, ‘ನಿಮ್ಮ ಮಗಳ ಬ್ಯಾನಿ ನಮ್ಮ ಮನಿ ಕೂಸ ತಿಂತು’ ಎಂದರು. ಅವ್ವ ಜಗಳವಾಡುತ್ತಾಳೆ ಅಂದುಕೊಂಡೆ. ಆಡು ಹೊಲಕ್ಕೆ ಬಿದ್ದವೆಂದು ಗೌಡರ ಆಳಿನ ಜೊತೆಗೇ ಬಡಿದಾಡಿದ ಹೆಂಗಸು ಅದು, ನಿನಗೆ ಗೊತ್ತಲ್ಲ. ಅವತ್ತು ತಲೆ ತಗ್ಗಿಸಿದಳು. ‘ಹೌದ್ರಿ, ತಪ್ಪ ನಮ್ಮದ’ ಎಂದಳು. ಆಮೇಲೆ ಬಚ್ಚಲಿಗೆ ಹೋಗಿ, ಯಾರೂ ಹೇಳದಿದ್ದರೂ, ಮನೆಯ ಪಾತ್ರೆಯನ್ನೆಲ್ಲ ತೊಳೆದು ಬೋರಲು ಹಾಕಿ, ಊಟ ಮಾಡದೆ ಸಂಜೆಯ ಬಸ್ಸಿಗೆ ಹೋದಳು. ಕೂಸು ಹೋದಾಗ ಅತ್ತದ್ದಕ್ಕಿಂತ ಅವತ್ತು ನಾನು ಹೆಚ್ಚು ಅತ್ತೆ.

ಅಂದಿನಿಂದ ಅವಳು ಸರಿಯಾಗಿ ಉಣ್ಣುತ್ತಿಲ್ಲ ಎಂದು ನೀನೇ ಮೆಸೇಜು ಹಾಕಿದ್ದೆ. ಕೂಸು ಯಾಕೆ ಹೋಯಿತು ಎಂದು ಹೋಗಿ ಬಂದವರನ್ನೆಲ್ಲ ಕೇಳುತ್ತಾಳಂತೆ. ಅದಕ್ಕೇ ನಿನ್ನಲ್ಲಿ ಒಂದು ಕೆಲಸ. ಸಮಯ ನೋಡಿ ನೀನಾಗಿ ಅವಳಿಗೆ ಹೇಳು: ‘ಮನಿಷಾನ ನನ್ನ ಮುಂದ ಅಂದ್ಲು. ಬೆಳಗಾವಿಗೆ ಹೋದ ಮ್ಯಾಲ ಆಕಿ ಗುಳಿಗಿ ಮರೀತಿದ್ಲಂತ. ಅದಕ್ಕ ಹಿಂಗಾತಂತ.’ ನಾನು ಅಸಡ್ಡಾಳಿ ಎಂದು ನಾಲ್ಕು ಮಾತು ಬೈದರೂ ಪರವಾಗಿಲ್ಲ. ಸಣ್ಣವಳಿದ್ದಾಗ ನಾನು ಎಲ್ಲ ಮರೆಯುತ್ತಿದ್ದೆ, ಪಾಟಿಚೀಲ ಬಿಟ್ಟು ಸಾಲೆಗೆ ಹೋದವಳು, ಅವಳು ನಂಬುತ್ತಾಳೆ. ನಿನಗೆ ಸುಳ್ಳು ಬರುವುದಿಲ್ಲ, ಬಾಯಿ ತೊದಲುತ್ತದೆ, ಅದೂ ಗೊತ್ತು. ಜೋಳ ಹಸನು ಮಾಡುತ್ತ ತಲೆ ತಗ್ಗಿಸಿಕೊಂಡು ಹೇಳು. ಆಣೆ ಹಾಕು ಅಂದರೆ ಮಾತ್ರ ಹಾಕಬೇಡ.

ಹೇಳಿದ ಮೇಲೆ ಕೈಗೆ ಒಂದು ರೊಟ್ಟಿ ಕೊಟ್ಟು ಅವಳು ತಿನ್ನುವವರೆಗೆ ಎದ್ದು ಹೋಗಬೇಡ. ಜನ್ನತ ಚೆನ್ನಾಗಿ ಓದಲಿ, ಅವಳ ಮೇಲೆ ಯಾರ ಕಣ್ಣೂ ಬೀಳದಿರಲಿ. ಗನಿ ಅಣ್ಣನ ಅಂಗಡಿಗೆ ಬರಕತ್ತು ಇರಲಿ. ನಿನ್ನ ಹೊಟ್ಟೆ ತಣ್ಣಗಿರಲಿ. ಶ್ರಾವಣಿ ‘ಬಿಲ್ಕೀಸ ಮಾವಶಿಗೆ ನಂದೂ ಬರಿ’ ಎನ್ನುತ್ತಿದ್ದಾಳೆ. ಬರೆದೆ.

ನಿನ್ನ
ಮನಿಷಾ

ತಾ.ಕ.: ಲಕೋಟೆಗೆ ಹಾಕಿ ಅಂಟಿಸಿದ್ದೆ, ಮತ್ತೆ ಹರಿದು ತೆಗೆದೆ. ಯಾಕೆ ಎಂದು ಹೇಳದೆ ನಿನ್ನಿಂದ ಸುಳ್ಳು ಹೇಳಿಸುವುದು ಸರಿಯಲ್ಲ.

ಎಲ್ಲ ಮುಗಿದ ಮೇಲೆ ತಪಾಸಣೆಗೆ ಹೋದಾಗ ಡಾಕ್ಟರ್ ಬಾಯಿಗೆ ಬಸಯ್ಯನವರ ಮದ್ದಿನ ವಿಷಯ ಹೇಳಿಬಿಟ್ಟೆ. ‘ಗುಳಿಗಿನೂ ಆ ಹಾಲಿನಾಗನ ತಗೊಂಡ್ರೇನು?’ ಎಂದು ಕೇಳಿ ಪೆನ್ನು ಕೆಳಗಿಟ್ಟರು. ಹಾಲು, ಅದರಲ್ಲೂ ಸುಣ್ಣದಂಥ ಆ ಭಸ್ಮ, ಗುಳಿಗೆಯನ್ನು ಹಿಡಿದಿಟ್ಟುಕೊಳ್ಳುತ್ತವಂತೆ, ಮೈಗೆ ಹತ್ತಗೊಡುವುದಿಲ್ಲವಂತೆ. ಕೂಸಿಗೆ ತನ್ನದು ಇನ್ನೂ ಬಲಿಯದ ಆ ಮೊದಲ ತಿಂಗಳುಗಳಲ್ಲಿ ತಾಯಿಯ ಥೈರಾಯ್ಡೇ ಆಧಾರವಂತೆ. ‘ಇದರಿಂದನ ಹೋತು ಅಂತ ನಾ ಹೇಳಾಕ ಬರೂದಿಲ್ಲ ಮನಿಷಾ. ಇರಬಹುದು, ಇರಲಿಕ್ಕೂ ಇಲ್ಲ’ ಎಂದರು. ನಮ್ಮವ್ವನನ್ನು ಕೊಲ್ಲಲು ಆ ‘ಇರಬಹುದು’ ಸಾಕು.

ಮೊನ್ನೆ ಅವ್ವ ನಿನ್ನ ಫೋನು ಬಿಟ್ಟು ಭರಮಪ್ಪ ಕಾಕಾನ ಫೋನಿನಿಂದ ಮಾತಾಡಿದಳು. ಸಣ್ಣ ದನಿಯಲ್ಲಿ ಹೇಳಿದಳು: 

‘ಒಂದ ಮಾತ ಹೇಳತೇನಿ, ಯಾರ ಮುಂದೂ ಅನಬ್ಯಾಡ. ನೀ ಇಲ್ಲಿದ್ದಾಗ ಒಂದ ಮುಂಜಾನಿ ಕರಾ ಹಗ್ಗಾ ಬಿಚಗೊಂಡ ಕೆಂದಿ ಹಾಲೆಲ್ಲಾ ಕುಡದಬಿಟ್ಟಿತ್ತು, ನೆನಪೈತೇನ? ಅವತ್ತ ನಿನಗ ಮದ್ದ ತಪ್ಪಿತು. ಬರೇ ನೀರಾಗ ಗುಳಿಗಿ ನುಂಗಿ ಎದ್ದಿ. ಆ ಒಂದ ದಿನಾ ತಪ್ಪಿದ್ದಕ್ಕನ ಹಿಂಗಾತ ನನ್ನವ್ವಾ. ಹಗ್ಗಾ ನಾನ ಗಟ್ಟಿ ಕಟ್ಟಿರಲಿಲ್ಲ. ಮುಂದಿನ ಸಲಾ ಹಂಗ ಆಗಗೊಡೂದಿಲ್ಲ, ಬಸಯ್ಯನವರ ಕಡಿಂದ ಮತ್ತ ಮದ್ದ ತಂದ ಇಟ್ಟೇನಿ.’

ಇಲ್ಲವ್ವಾ, ನಿಂದೇನೂ ತಪ್ಪಿಲ್ಲ ಎಂದೆ. ಅದಕ್ಕಿಂತ ಹೆಚ್ಚು ಏನು ಹೇಳಲಿ. ನಾನು ಅವಳ ಮನೆಯಲ್ಲಿದ್ದ ಅಷ್ಟೂ ದಿನಗಳಲ್ಲಿ ನನ್ನ ಕೂಸಿಗೆ ಗುಳಿಗೆ ಮುಟ್ಟಿದ್ದು ಆ ಒಂದು ಮುಂಜಾನೆ ಮಾತ್ರ, ಬಿಲ್ಕೀಸ.